ಸೋಸಿದರೂ ಹೊಗೆಯೇ

ಬೀಡಿ ಬೇಗ ಆರುತ್ತದೆ. ಮಂಗಳೂರಿನ ಹಂಪನಕಟ್ಟೆಯಲ್ಲಿ ಹಚ್ಚಿಕೊಂಡು ಬಲ್ಮಠದ ಏರು ಹತ್ತುತ್ತಿದ್ದ ಹಳೆಯ ಕಾಲದ ಹಮಾಲಿಗೆ, ಗುಡ್ಡದ ತುದಿ ಮುಟ್ಟುವುದರೊಳಗೆ ಮತ್ತೊಮ್ಮೆಯಾದರೂ ಕಡ್ಡಿ ಗೀರಬೇಕಾಗುತ್ತಿತ್ತು. ಸಿಗರೇಟು ಹಾಗಲ್ಲ. ಅದರ ಕಾಗದದಲ್ಲಿ ಗಾಳಿ ಆಡುತ್ತದೆ; ಉರಿ ಒಂದೇ ಹದದಲ್ಲಿ ಸಾಗಲೆಂದು ಕಾಗದಕ್ಕೆ ಲವಣವನ್ನೂ ಸೇರಿಸಿರುತ್ತಾರೆ. ಸೇದದೆ ಇಟ್ಟರೂ ಅದು ತನ್ನಷ್ಟಕ್ಕೆ ಉರಿದು ಬೂದಿಯಾಗುತ್ತದೆ. ಬೀಡಿಯ ಹೊದಿಕೆ ಕಾಡಿನ ಎಲೆ, ಗಾಳಿ ಸುಲಭವಾಗಿ ನುಸುಳದ ಎಲೆ. ಅದು ಉರಿಯುತ್ತಲೇ ಇರಬೇಕಾದರೆ ಸೇದುವವನು ಬಿಡುವಿಲ್ಲದೆ ಎಳೆಯಬೇಕು, ಜೋರಾಗಿ ಎಳೆಯಬೇಕು.

ಮಂಗಳೂರಿನ ಬೀಡಿಯ ಕತೆಯನ್ನು ಈ ಆರುವ ಗುಣದಿಂದಲೇ ಶುರುಮಾಡಬೇಕು. ಏಕೆಂದರೆ "ಬೀಡಿ ಎಲೆಯದ್ದಲ್ವಾ, ಸಿಗರೇಟಿನಷ್ಟು ಹಾಳಲ್ಲ" ಎಂಬ ಮಾತು ಕರಾವಳಿಯಲ್ಲಿ ಬಹಳ ಹಳೆಯದು. ಕೇಳಿದರೆ ನಿಜವೆನ್ನಿಸುವ ಮಾತು ಅದು. ಒಂದು ಬೀಡಿಯಲ್ಲಿ ಇರುವುದು ಹೆಚ್ಚೆಂದರೆ ಕಾಲು ಗ್ರಾಮಿನಷ್ಟು ಹೊಗೆಸೊಪ್ಪು. ಸಿಗರೇಟಿನಲ್ಲಿ ಅದರ ಮೂರು ಪಟ್ಟು. ಬೀಡಿಗೆ ಕಾಗದವಿಲ್ಲ, ಕಾರ್ಖಾನೆಯ ರಾಸಾಯನಿಕವಿಲ್ಲ. ಎಲೆ, ಹುಡಿ, ನೂಲು, ಇಷ್ಟೇ.

1974ರಲ್ಲಿ ಈ ನಂಬಿಕೆಯನ್ನು ಪ್ರಯೋಗಶಾಲೆಯಲ್ಲಿಟ್ಟು ನೋಡಲಾಯಿತು. ಅಮೆರಿಕದ ಡೀಟ್ರಿಕ್ ಹಾಫ್‌ಮನ್ ಮತ್ತು ಅರ್ನ್ಸ್ಟ್ ವಿಂಡರ್, ಮುಂಬಯಿಯ ಎಲ್.ಡಿ. ಸಾಂಘ್ವಿ, ಈ ಮೂವರು ಭಾರತದ ಬೀಡಿ ಮತ್ತು ಅಮೆರಿಕದ ಸಿಗರೇಟಿನ ಹೊಗೆಯನ್ನು ಅಕ್ಕಪಕ್ಕದಲ್ಲಿಟ್ಟು ವಿಶ್ಲೇಷಿಸಿದರು. ಇಂಗಾಲದ ಮಾನಾಕ್ಸೈಡ್, ಅಮೋನಿಯಾ, ಹೈಡ್ರೊಜನ್ ಸಯನೈಡ್‌ನಂಥ ವಿಷಗಳು ಬೀಡಿಯ ಹೊಗೆಯಲ್ಲೇ ಹೆಚ್ಚು ಕಂಡವು. 2003ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಿಜ್ಞಾನಿಗಳು ಮತ್ತೆ ಅಳೆದಾಗಲೂ ಟಾರು, ನಿಕೊಟಿನ್, ಮಾನಾಕ್ಸೈಡ್ ಮೂರರಲ್ಲೂ ಬೀಡಿಯೇ ಮುಂದಿತ್ತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಪ್ರಕಟಿಸಿದ ಸಂಪುಟವು ಬೀಡಿಯನ್ನೂ ಕ್ಯಾನ್ಸರ್ ತರುವ ಹೊಗೆಗಳ ಸಾಲಿನಲ್ಲೇ ಇರಿಸಿತು.

ಕಾರಣ ಆ ಎಲೆಯಲ್ಲೇ ಇದೆ. ಗಾಳಿ ಸಾಲದೆ ಉಸಿರುಗಟ್ಟಿ ಉರಿಯುವ ಯಾವ ಎಲೆಯೂ ಪೂರ್ತಿಯಾಗಿ ಉರಿಯುವುದಿಲ್ಲ. ಹಸಿ ಕಟ್ಟಿಗೆ ಇಟ್ಟ ಒಲೆಯ ಮುಂದೆ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅರೆಬರೆ ಉರಿದಾಗ ಮಾನಾಕ್ಸೈಡ್ ಏಳುತ್ತದೆ, ಟಾರಿನ ಅಂಟು ಹುಟ್ಟುತ್ತದೆ. ಸೇದುವವನನ್ನು ಚಟಕ್ಕೆ ಕಟ್ಟಿಹಾಕುವುದು ನಿಕೊಟಿನ್. ಅವನ ಶ್ವಾಸಕೋಶ, ಗಂಟಲು, ಹೃದಯವನ್ನು ಕೆಡಿಸುವುದರಲ್ಲಿ ದೊಡ್ಡ ಪಾಲು ಈ ಉರಿಯ ಹೊಲಸಿನದು. ಹಾಗಿದ್ದರೆ ಉರಿಯನ್ನು ಬಿಟ್ಟು ನಿಕೊಟಿನ್ ಮಾತ್ರ ಕೊಡಬಹುದೇ? ಅಥವಾ ಹೊಗೆಯನ್ನು ಎಲ್ಲಾದರೂ ತಡೆದು ಸೋಸಬಹುದೇ? ಈ ಪ್ರಶ್ನೆ ಇಂದಿನದೆಂದು ಅನೇಕರು ಭಾವಿಸಿದ್ದಾರೆ. ಅದಕ್ಕೆ ನಾಲ್ಕು ಶತಮಾನದ ವಯಸ್ಸಿದೆ, ಮತ್ತು ಅದರ ಒಂದು ಬೇರು ಕರ್ನಾಟಕದಲ್ಲಿದೆ.

ಅಕ್ಬರನ ರಾಯಭಾರಿಯಾಗಿ ಅಸದ್ ಬೇಗ್ ಎಂಬುವವನು ಬಿಜಾಪುರಕ್ಕೆ ಬಂದದ್ದು ಹದಿನೇಳನೆಯ ಶತಮಾನದ ಮೊದಲ ವರ್ಷಗಳಲ್ಲಿ, ಇಬ್ರಾಹಿಂ ಆದಿಲ್‌ಶಾಹ ಆಳುತ್ತಿದ್ದಾಗ. ಉತ್ತರದಲ್ಲಿ ತಾನು ಎಲ್ಲೂ ಕಾಣದ ಹೊಗೆಸೊಪ್ಪನ್ನು ಅವನು ಇಲ್ಲಿ ಕಂಡ. ಒಂದಷ್ಟು ಕೊಂಡು, ರತ್ನ ಕೂಡಿಸಿದ ಸೇದುಗೊಳವೆಯೊಂದನ್ನು ಮಾಡಿಸಿ, ಆಗ್ರಾಕ್ಕೆ ಒಯ್ದು ಅಕ್ಬರನ ಮುಂದಿಟ್ಟ. ಬಾದಶಹ ಸೇದಿ ನೋಡಿದ. ಆಸ್ಥಾನದ ಹಕೀಮನಿಗೆ ಅದು ಹಿಡಿಸಲಿಲ್ಲ. ಯಾರೂ ಪರೀಕ್ಷಿಸಿ ನೋಡದ ವಸ್ತುವನ್ನು ದೊರೆ ಬಾಯಿಗಿಡುವುದು ಸರಿಯಲ್ಲವೆಂದು ತಕರಾರು ತೆಗೆದ. ಹೊಗೆಸೊಪ್ಪಿನ ಬಗ್ಗೆ ಈ ನೆಲದಲ್ಲಿ ವೈದ್ಯನೊಬ್ಬ ಎತ್ತಿದ ಮೊದಮೊದಲ ಆಕ್ಷೇಪಗಳಲ್ಲಿ ಅದೂ ಒಂದು. 1617ರಲ್ಲಿ ಜಹಾಂಗೀರ್ ಹೊಗೆಸೊಪ್ಪನ್ನು ನಿಷೇಧಿಸಿದ. ಆ ನಿಷೇಧ ನಡೆಯಲಿಲ್ಲ.

ನಡೆದದ್ದು ಹುಕ್ಕಾ. ಹೊಗೆಯನ್ನು ನೀರಿನೊಳಗಿಂದ ಹಾಯಿಸಿ ಸೇದಿದರೆ ಅದರ ಕೇಡು ನೀರಿನಲ್ಲೇ ಉಳಿಯುತ್ತದೆ ಎಂಬ ಲೆಕ್ಕ ಅದರ ಹಿಂದೆ ಇತ್ತು. ಅಕ್ಬರನ ವೈದ್ಯ ಅಬುಲ್ ಫತಾ ಗಿಲಾನಿಯೇ ಅದನ್ನು ಕಂಡುಹಿಡಿದ ಎಂಬ ಕತೆ ಇಂದಿಗೂ ಓಡಾಡುತ್ತದೆ. ಗಿಲಾನಿ ತೀರಿಕೊಂಡದ್ದು 1589ರಲ್ಲಿ, ಅಸದ್ ಬೇಗ್ ಬಿಜಾಪುರದಿಂದ ಹೊಗೆಸೊಪ್ಪು ಒಯ್ಯುವುದಕ್ಕೂ ಮೊದಲು. ಆದ್ದರಿಂದ ಕತೆಯನ್ನು ಕತೆಯಾಗಿಯೇ ಇಟ್ಟುಕೊಳ್ಳುವುದು ಒಳ್ಳೆಯದು. ಲೆಕ್ಕವೂ ತಪ್ಪಿತ್ತು. ನೀರು ಹೊಗೆಯನ್ನು ತಂಪು ಮಾಡುತ್ತದೆ, ಗಂಟಲಿಗೆ ಹಿತ ಮಾಡುತ್ತದೆ, ಮಾನಾಕ್ಸೈಡನ್ನು ಹಿಡಿದಿಡುವುದಿಲ್ಲ. ಮೇಲೆ ಇಟ್ಟ ಇದ್ದಿಲ ಕೆಂಡ ತನ್ನ ಪಾಲಿನ ಮಾನಾಕ್ಸೈಡನ್ನೂ ಕೂಡಿಸುತ್ತದೆ. ಗಂಟಲಿಗೆ ಹಿತವಾದದ್ದನ್ನು ಜನ ಹೆಚ್ಚು ಹೊತ್ತು, ಹೆಚ್ಚು ಆಳಕ್ಕೆ ಸೇದಿದರು. ಕರ್ನಾಟಕ ಸರಕಾರ ಹುಕ್ಕಾವನ್ನು ನಿಷೇಧಿಸಿದ್ದು 2024ರ ಫೆಬ್ರವರಿಯಲ್ಲಿ. ಬಿಜಾಪುರದಿಂದ ಹೊರಟ ಹೊಗೆಗೆ ಈ ನೆಲದ ಕಾನೂನು ಆ ರೂಪದಲ್ಲಿ ತಡೆ ಹಾಕಲು ನಾಲ್ಕು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು.

ಪಶ್ಚಿಮದವರು ಮಾಡಿದ್ದೂ ಇದನ್ನೇ, ಯಂತ್ರದ ನೆರವಿನಿಂದ. 1950ರಲ್ಲಿ ಬ್ರಿಟನ್ನಿನ ಡಾಲ್ ಮತ್ತು ಹಿಲ್, ಅಮೆರಿಕದ ವಿಂಡರ್ ಮತ್ತು ಗ್ರಹಾಂ, ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿಕೊಟ್ಟರು. ಕಂಪನಿಗಳು ಫಿಲ್ಟರ್ ಹಿಡಿದುಕೊಂಡು ಮುಂದೆ ಬಂದವು. ಆರೋಗ್ಯ ಕಾಪಾಡುವ ಫಿಲ್ಟರೆಂದು 1952ರಿಂದ ಮಾರಿದ ಕೆಂಟ್ ಸಿಗರೇಟಿನ ತುದಿಯಲ್ಲಿ ಕೆಲವು ವರ್ಷ ಇದ್ದದ್ದು ನೀಲಿ ಕಲ್ನಾರು, ತಾನೇ ಕ್ಯಾನ್ಸರ್ ತರುವ ವಸ್ತು. ಆಮೇಲೆ 'ಲೈಟ್' ಸಿಗರೇಟು ಬಂತು. ಫಿಲ್ಟರಿನ ಸುತ್ತ ಸಣ್ಣ ತೂತು ಕೊರೆದರೆ ಗಾಳಿ ಬೆರೆತು ಹೊಗೆ ತೆಳುವಾಗುತ್ತದೆ. ಅಳತೆಯ ಯಂತ್ರ ಕಡಿಮೆ ಟಾರು ತೋರಿಸುತ್ತದೆ. ಮನುಷ್ಯ ಯಂತ್ರವಲ್ಲ. ದೇಹ ಕೇಳುವಷ್ಟು ನಿಕೊಟಿನ್ ಸಿಗುವವರೆಗೂ ಅವನು ಇನ್ನಷ್ಟು ಜೋರಾಗಿ ಎಳೆದ, ತೂತುಗಳನ್ನು ಬೆರಳಿನಿಂದ ಮುಚ್ಚಿದ, ಇನ್ನೊಂದು ಹಚ್ಚಿದ. ಇಂಥ ಸಿಗರೇಟು ಜನರ ಆರೋಗ್ಯವನ್ನು ಕಾಪಾಡಲಿಲ್ಲ ಎಂದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 2001ರಲ್ಲಿ ಒಂದು ಸಂಪುಟವನ್ನೇ ಬರೆದು ಹೇಳಿತು.

ಬೀಡಿ ಆರದಿರಲೆಂದು ಜೋರಾಗಿ ಎಳೆಯುವ ಮಂಗಳೂರಿನ ಹಮಾಲಿ, ಲೈಟ್ ಸಿಗರೇಟಿನ ತೂತು ಮುಚ್ಚುವ ನ್ಯೂಯಾರ್ಕಿನ ಗುಮಾಸ್ತ, ಇಬ್ಬರ ಎದೆಯೊಳಗೆ ನಡೆದದ್ದು ಒಂದೇ ವ್ಯಾಪಾರ.

ಈಗ ಬಲ್ಮಠಕ್ಕೆ ಬರೋಣ. ಈ ಗುಡ್ಡದಲ್ಲಿ ಬೀಡಿ ಹುಟ್ಟಲಿಲ್ಲ. ಆದರೆ ಬೀಡಿಯ ಊರು ಇಂದು ಎದುರಿಸುತ್ತಿರುವ ಕಷ್ಟವನ್ನೇ ಹೋಲುವ ಇನ್ನೊಂದು ಕಷ್ಟ ಇಲ್ಲಿ ನೂರೆಪ್ಪತ್ತು ವರ್ಷಗಳ ಹಿಂದೆ ಎದ್ದಿತ್ತು, ಮತ್ತು ಅದಕ್ಕೆ ಇಲ್ಲಿ ಒಂದು ಉತ್ತರವೂ ಸಿಕ್ಕಿತ್ತು.

ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್ ಮತ್ತು ಗ್ರೈನರ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಕೆಲವು ವರ್ಷಗಳಲ್ಲಿ, ಕಲೆಕ್ಟರ್ ಬ್ಲೇರ್ ಕೊಟ್ಟ ಬಲ್ಮಠದ ಜಾಗ ಅವರ ನೆಲೆಯಾಯಿತು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದದ್ದು ಈ ಮಿಶನ್ನಿನ ಕಲ್ಲಚ್ಚಿನಿಂದ. ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದೂ ಮಂಗಳೂರಿನಲ್ಲೇ. ಕನ್ನಡದ ಓದುಗರಿಗೆ ಬಲ್ಮಠವೆಂದರೆ ನೆನಪಾಗುವುದು ಇವೇ. ಇದರ ಪಕ್ಕದಲ್ಲಿ ನಡೆದ ಇನ್ನೊಂದು ಕೆಲಸಕ್ಕೆ ಅಷ್ಟು ಹೆಸರಿಲ್ಲ. ಮತಾಂತರವಾದವರಲ್ಲಿ ಬಿಲ್ಲವರು ಬಹಳ ಮಂದಿ. ಅವರ ಕುಲಕಸುಬು ಶೇಂದಿ ಇಳಿಸುವುದು. ಹೆಂಡದ ಕಸುಬನ್ನು ಮಿಶನ್ ಒಪ್ಪಲಿಲ್ಲ. ಕಸುಬು ಬಿಟ್ಟವನು ತಾಳೆಮರದಿಂದ ಇಳಿದ. ಅವನ ಮನೆಯ ಒಲೆ ಉರಿಯುವುದು ಹೇಗೆ?

ಉಪದೇಶದಿಂದ ಹೊಟ್ಟೆ ತುಂಬುವುದಿಲ್ಲವೆಂದು ಮಿಶನ್ ಬೇಗ ಅರಿತುಕೊಂಡಿತು. 1851ರಲ್ಲಿ ಜಾನ್ ಹಾಲರ್ ಎಂಬ ನುರಿತ ನೇಕಾರನನ್ನು ಯುರೋಪಿನಿಂದ ಕರೆಸಿ, ಬಲ್ಮಠದಲ್ಲಿ ಮಗ್ಗ ಹಾಕಿಸಿತು. ಹಾಲರ್ ಬರೀ ಬಟ್ಟೆ ನೇಯಿಸಲಿಲ್ಲ, ಬಣ್ಣಗಳ ಪ್ರಯೋಗಕ್ಕೆ ಇಳಿದ. ಗೇರುಜಾತಿಯ ಕಾಯಿಯ ರಸದಿಂದ ಅವನು ತೆಗೆದ ಮಾಸಲು ಕಂದು ಬಣ್ಣದ ಬಟ್ಟೆ ಮೊದಲು ಕೆನರಾದ ಪೊಲೀಸರ ಮೈಮೇಲೆ ಬಂತು. ಖಾಕಿಯ ಹುಟ್ಟೂರು ಬಲ್ಮಠ ಎಂಬ ಅಭಿಮಾನದ ಮಾತಿಗೆ ಮೂಲ ಇದು. ಪೇಶಾವರದ ಕಡೆಯ ಸೈನಿಕರು ಅದಕ್ಕೂ ಮೊದಲೇ ಖಾಕಿ ತೊಡುತ್ತಿದ್ದರೆಂಬ ದಾಖಲೆ ಇರುವುದರಿಂದ ಹುಟ್ಟೂರಿನ ಪಟ್ಟವನ್ನು ಪೂರ್ತಿ ಕೊಡಲಾಗದು. ಬಣ್ಣವನ್ನು ಕಾರ್ಖಾನೆಯ ಮಟ್ಟಕ್ಕೆ ಏರಿಸಿದ ಹಿರಿಮೆಯನ್ನು ಕಸಿಯಲೂ ಆಗದು. 1865ರಲ್ಲಿ ಪ್ಲೆಬ್ಸ್ಟ್ ಜಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ. ಮಂಗಳೂರು ಹಂಚು ಸಮುದ್ರ ದಾಟಿತು. ಶೇಂದಿ ಬಿಟ್ಟ ಕೈಗಳು ನೇಯ್ದವು, ಮಣ್ಣು ಮಿದ್ದವು, ಅಚ್ಚುಮೊಳೆ ಜೋಡಿಸಿದವು.

ಮಿಶನ್ನಿನ ಧಾರ್ಮಿಕ ಉದ್ದೇಶದ ಬಗ್ಗೆ ಯಾರಿಗೆ ಯಾವ ಅಭಿಪ್ರಾಯವಿದ್ದರೂ, ಇಲ್ಲಿ ಒಂದು ಮಾತನ್ನು ಒಪ್ಪಬೇಕು. ಮಿಶನ್ನಿನವರು ಕೇಡಿಲ್ಲದ ಶೇಂದಿಯನ್ನು ಮಾಡಲು ಹೊರಡದೆ, ಶೇಂದಿ ಇಳಿಸುವವನಿಗೆ ಬೇರೆ ಕೆಲಸ ಹುಡುಕಿದರು.

ಬೀಡಿ ಮಂಗಳೂರಿಗೆ ಬಂದದ್ದು ತಡವಾಗಿ. ಗುಜರಾತಿನ ಹೊಲಗಳಲ್ಲಿ ಉಳಿದ ಸೊಪ್ಪಿನ ಹುಡಿಯನ್ನು ಎಲೆಯಲ್ಲಿ ಸುತ್ತಿ ಸೇದುತ್ತಿದ್ದ ಆಳುಮಕ್ಕಳ ಅಭ್ಯಾಸವನ್ನು 1902ರ ಸುಮಾರಿಗೆ ಜಬಲ್ಪುರದಲ್ಲಿ ಮೋಹನ್‌ಲಾಲ್ ಮತ್ತು ಹರಗೋವಿಂದದಾಸ್ ಪಟೇಲ್ ಎಂಬ ಗುಜರಾತಿಗಳು ಉದ್ಯಮವಾಗಿ ಮಾಡಿದರು. ಸ್ವದೇಶಿ ಚಳವಳಿ ಅದಕ್ಕೆ ಬೆನ್ನು ತಟ್ಟಿತು. ವಿದೇಶಿ ಸಿಗರೇಟನ್ನು ಎಸೆದವರು ಬೀಡಿ ಹಚ್ಚಿದರು. ದಕ್ಷಿಣ ಕನ್ನಡದಲ್ಲಿ 1930ರ ದಶಕದಿಂದ ಈ ವ್ಯಾಪಾರ ಬೇರೂರಿತು. ಗಣೇಶ ಬೀಡಿ, ಭಾರತ್ ಬೀಡಿ, ಪ್ರಕಾಶ್ ಬೀಡಿ, ಪಿ.ವಿ.ಎಸ್. ಬೀಡಿ, ಇವು ದೇಶದ ಮೂಲೆಮೂಲೆಯ ಗೂಡಂಗಡಿಗಳಲ್ಲಿ ಮಂಗಳೂರಿನ ಹೆಸರನ್ನು ಇಟ್ಟವು. ಬಲ್ಮಠದಿಂದ ಬಹುದೂರವಿಲ್ಲದ ಪಿ.ವಿ.ಎಸ್. ವೃತ್ತದಲ್ಲಿ ಬಸ್ಸಿನಿಂದ ಇಳಿಯುವ ಹುಡುಗರಿಗೆ ಆ ಮೂರಕ್ಷರದ ಹಿಂದೆ ಒಂದು ಬೀಡಿಯ ಮನೆತನವಿದೆಯೆಂಬುದು ಈಗ ಗೊತ್ತಿರಲಾರದು.

ವಿಚಿತ್ರವೆಂದರೆ ಬೀಡಿಗೆ ಬೇಕಾದ ಯಾವುದೂ ಈ ಊರಿನದಲ್ಲ. ಎಲೆ ಬರುವುದು ಮಧ್ಯಪ್ರದೇಶ, ಛತ್ತೀಸಗಡ, ಒಡಿಶಾ, ಮಹಾರಾಷ್ಟ್ರದ ಕಾಡುಗಳಿಂದ. ಹೊಗೆಸೊಪ್ಪು ನಿಪ್ಪಾಣಿಯಿಂದ, ಗುಜರಾತಿನಿಂದ. (ನಿಪ್ಪಾಣಿಯ ರೈತರು ಸೊಪ್ಪಿಗೆ ನ್ಯಾಯವಾದ ಬೆಲೆ ಕೇಳಿ 1981ರಲ್ಲಿ ರೈತ ನಾಯಕ ಶರದ್ ಜೋಶಿಯವರೊಂದಿಗೆ ಹೆದ್ದಾರಿಯಲ್ಲಿ ಕೂತಾಗ ಪೊಲೀಸರ ಗುಂಡಿಗೆ ರೈತರು ಬಲಿಯಾದರು. ಬೀಡಿಯ ಕತೆಯಲ್ಲಿ ಆ ರಕ್ತವೂ ಸೇರಿದೆ.) ಮಂಗಳೂರಿನದೆಂದು ಹೇಳಬಹುದಾದದ್ದು ಕೈಗಳು ಮಾತ್ರ, ಅದರಲ್ಲೂ ಹೆಂಗಸರ ಕೈಗಳು.

ಬೀಡಿ ಕಟ್ಟುವ ಮನೆಯ ದಿನಚರಿ ಬಂಟ್ವಾಳದಿಂದ ಮಂಜೇಶ್ವರದವರೆಗೆ ಒಂದೇ. ಕಂಪನಿಯ ಬ್ರಾಂಚಿನಿಂದ ತಂದ ಎಲೆಯನ್ನು ನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಸುತ್ತಿ ಹದಕ್ಕೆ ಬಿಡಬೇಕು. ತಗಡಿನ ಅಳತೆ ಇಟ್ಟು ಕತ್ತರಿಯಿಂದ ಕತ್ತರಿಸಬೇಕು. ಮಡಿಲಲ್ಲಿ ತಡ್ಪೆ ಎನ್ನುವ ಮೊರ, ತಡ್ಪೆಯಲ್ಲಿ ಹುಡಿ. ಒಂದು ಚಿಟಿಕೆ ಹುಡಿ ಹರಡಿ, ಬೆರಳ ತುದಿಯಲ್ಲಿ ಉರುಳಿಸಿ, ತಲೆ ಮಡಚಿ, ನೂಲು ಸುತ್ತಿದರೆ ಒಂದು ಬೀಡಿ. ಇಪ್ಪತ್ತೈದಕ್ಕೆ ಒಂದು ಕಟ್ಟು. ಕೂಲಿ ಸಾವಿರದ ಲೆಕ್ಕ. ಬ್ರಾಂಚಿನಲ್ಲಿ ಸರಿಯಿಲ್ಲವೆಂದು ತೆಗೆದಿಟ್ಟದ್ದು 'ಚಾಟ್'; ಅದಕ್ಕೆ ಕೂಲಿಯಿಲ್ಲ. ಅಕ್ಕ ಕಟ್ಟಿದಳು, ಅವಳ ಮಡಿಲ ಪಕ್ಕ ಕೂತ ತಂಗಿ ನೂಲು ಸುತ್ತಲು ಕಲಿತಳು. ಬಿಲ್ಲವರ ಮನೆಯಲ್ಲೂ, ಮುಸ್ಲಿಮರ ಮನೆಯಲ್ಲೂ, ಬಂಟರ ಬಡಮನೆಗಳಲ್ಲೂ ಮಗಳ ಕರಿಮಣಿಗೆ, ಮಗನ ಪುಸ್ತಕಕ್ಕೆ, ಸೋರುವ ಮಾಡಿಗೆ ಹಣ ಬಂದದ್ದು ಈ ತಡ್ಪೆಯಿಂದ. ದೈವ ಕೊರಗಜ್ಜನ ಕಟ್ಟೆಯಲ್ಲಿ ವೀಳ್ಯದೆಲೆ, ಚಕ್ಕುಲಿಯ ಜೊತೆ ಬೀಡಿಯನ್ನೂ ಇಡುವಷ್ಟು ಅದು ಈ ನೆಲದ ಬದುಕಿಗೆ ಹೊಂದಿಕೊಂಡಿತು.

ದಿನವಿಡೀ ಬಗ್ಗಿ ಕೂತವಳ ಬೆನ್ನು, ಹುಡಿಯ ಘಾಟಿಗೆ ಕೆಮ್ಮುವ ಎದೆ, ಇವು ಲೆಕ್ಕದ ಪುಸ್ತಕಕ್ಕೆ ಬರಲಿಲ್ಲ. ಬೀಡಿಯ ಹೊಗೆಯನ್ನು ಅಳೆದ ಸಂಶೋಧನೆಗಳಿಗೆ ಹೋಲಿಸಿದರೆ, ಒಮ್ಮೆಯೂ ಬೀಡಿ ಸೇದದೆ ಅದರ ಹುಡಿಯನ್ನು ಉಸಿರಾಡಿದ ಹೆಂಗಸರ ಬಗ್ಗೆ ನಡೆದ ಚರ್ಚೆ ತೀರ ಸಣ್ಣದು.

ಅವರಿಗೆ ಗಟ್ಟಿಯಾದ ಕಾನೂನಿನ ರಕ್ಷೆ ಬಂದದ್ದು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯಿಂದ. ಮನೆಯಲ್ಲಿ ಕೂತು ಕಟ್ಟುವವಳೂ ಕಾರ್ಮಿಕಳೇ, ಮಧ್ಯೆ ಕಂಟ್ರಾಕ್ಟರ್ ಇದ್ದರೂ ಹೊಣೆ ಮಾಲೀಕನದೇ ಎಂಬ ತತ್ವ ಅದರಲ್ಲಿತ್ತು. ಇ.ಎಂ.ಎಸ್. ನಂಬೂದಿರಿಪಾಡರ ಸರಕಾರ 1968ರಲ್ಲಿ ಕೇರಳದಲ್ಲಿ ಅದನ್ನು ಜಾರಿಗೆ ತಂದಿತು. ಕಣ್ಣೂರಿನಲ್ಲಿ ಆಗ ದೊಡ್ಡ ಕೆಲಸದಾತ ಮಂಗಳೂರಿನ ಗಣೇಶ ಬೀಡಿ. ಕಂಪನಿ ಅಕ್ಟೋಬರಿನಲ್ಲಿ ಅಲ್ಲಿನ ತನ್ನ ಕೆಲಸ ನಿಲ್ಲಿಸಿತು. ಸುಮಾರು 12,000 ಮಂದಿ ಒಮ್ಮೆಗೇ ಕೆಲಸ ಕಳೆದುಕೊಂಡರು. ಇತ್ತ ಕಾಯ್ದೆಯನ್ನು ಪ್ರಶ್ನಿಸಿ ಹೂಡಿದ ದಾವೆಗಳು ಸುಪ್ರೀಂ ಕೋರ್ಟಿನವರೆಗೂ ಹೋದವು. 'ಮಂಗಳೂರು ಗಣೇಶ ಬೀಡಿ ವರ್ಕ್ಸ್' ಹೆಸರಿನ ಪ್ರಕರಣದಲ್ಲಿ 1974ರ ಜನವರಿಯಲ್ಲಿ ಬಂದ ತೀರ್ಪು ಕಾಯ್ದೆಯ ಮುಖ್ಯ ಭಾಗವನ್ನು ಎತ್ತಿಹಿಡಿಯಿತು. ಕಾನೂನು ಓದುವ ವಿದ್ಯಾರ್ಥಿಗಳು ಇಂದಿಗೂ ಆ ಹೆಸರಿನಲ್ಲೇ ಅದನ್ನು ಓದುತ್ತಾರೆ. 1976ರಲ್ಲಿ ಕಲ್ಯಾಣ ನಿಧಿಯ ಕಾಯ್ದೆ, ಮರುವರ್ಷ ಭವಿಷ್ಯ ನಿಧಿ. ಕರಾವಳಿಯ ಎಷ್ಟೋ ಮುದುಕಿಯರ ಕೈಗೆ ಇಂದು ಬರುವ ಸಣ್ಣ ಪಿಂಚಣಿಯ ಮೂಲ ಅಲ್ಲಿದೆ.

ಕಣ್ಣೂರಿನ ಆ 12,000 ಮಂದಿಯ ಕತೆಯನ್ನು ಮಂಗಳೂರು ಮರೆಯಬಾರದು. ಅವರ ಕಾರ್ಖಾನೆಗಳಲ್ಲಿ ಒಂದು ಸೊಗಸಾದ ರೂಢಿ ಇತ್ತು: ಒಬ್ಬ ಗಟ್ಟಿಯಾಗಿ ಪತ್ರಿಕೆ, ಕಾದಂಬರಿ ಓದುತ್ತಿದ್ದ, ಉಳಿದವರು ಕೇಳುತ್ತ ಬೀಡಿ ಕಟ್ಟುತ್ತಿದ್ದರು; ಓದುವವನ ಕೂಲಿಯನ್ನು ಎಲ್ಲರೂ ಹಂಚಿಕೊಂಡು ತುಂಬಿಕೊಡುತ್ತಿದ್ದರು. ಕೇಳಿ ಕಲಿತ ಆ ಜನ ಬೀದಿಗೆ ಬಿದ್ದಾಗ ಕೈಕಟ್ಟಿ ಕೂರಲಿಲ್ಲ. 1969ರ ಫೆಬ್ರವರಿಯಲ್ಲಿ ಜಿ.ಕೆ. ಪಣಿಕ್ಕರ್ ಅಧ್ಯಕ್ಷತೆಯಲ್ಲಿ ಕೇರಳ ದಿನೇಶ್ ಬೀಡಿ ಸಹಕಾರಿ ಸಂಘ ಶುರುವಾಯಿತು. ಉಚ್ಛ್ರಾಯದಲ್ಲಿ ಅದರ ಕಾರ್ಮಿಕರ ಸಂಖ್ಯೆ 42,000 ಮುಟ್ಟಿತು. ಬೀಡಿ ಸೇದುವವರು ಕಡಿಮೆಯಾಗುತ್ತಿರುವುದನ್ನು ಕಂಡು 1990ರ ದಶಕದ ಕೊನೆಯಿಂದ ಸಂಘ ಬೇರೆ ದಾರಿ ಹಿಡಿಯಿತು: ತೆಂಗಿನ ಹಾಲು, ಮಸಾಲೆಪುಡಿ, ಕೊಡೆ, ಸಿದ್ಧ ಉಡುಪು. ಕೆಲಸಗಾರರ ಸಂಖ್ಯೆ ಬಹಳ ಇಳಿಯಿತು, ಎಲ್ಲ ಪ್ರಯತ್ನವೂ ಗೆಲ್ಲಲಿಲ್ಲ. ಆದರೂ ಬೀಡಿ ಕಟ್ಟಿದವರು ಕೊಡೆ ಜೋಡಿಸಿದ್ದು ನಿಜ. ಬಲ್ಮಠದ ಮಗ್ಗದ ನಂತರ ಈ ಕರಾವಳಿಯಲ್ಲಿ ಅಂಥ ಪ್ರಯತ್ನವನ್ನು ಇಷ್ಟು ದೊಡ್ಡದಾಗಿ ಮಾಡಿದವರು ಅವರು.

ಬದಲಿ ಹೊಗೆಯ ಹುಡುಕಾಟ ಈ ನಡುವೆ ನಿಂತಿರಲಿಲ್ಲ. ಭಾರತದಲ್ಲಿ ಅದರ ಪರಿಚಿತ ರೂಪ ಹೊಗೆಸೊಪ್ಪಿಲ್ಲದ ಗಿಡಮೂಲಿಕೆ ಬೀಡಿ. ಅಹಮದಾಬಾದಿನ 'ನಿರ್ದೋಷ್' ಇದರಲ್ಲಿ ಹೆಸರಾದದ್ದು: ತುಳಸಿ, ಓಮ, ಲವಂಗ, ಅರಿಶಿನ ಮುಂತಾದವನ್ನು ಅದೇ ಬೀಡಿ ಎಲೆಯಲ್ಲಿ ಸುತ್ತಿ ಮಾಡಿದ ಬೀಡಿ. ಹೊಗೆಸೊಪ್ಪು ಬಿಡಲು ಹೊರಟವನ ಕೈಗೆ, ಬಾಯಿಗೆ ಹಳೆಯ ಅಭ್ಯಾಸದ ಆಸರೆ ಸಿಗಲಿ ಎಂಬುದು ಅದರ ಹಿಂದಿನ ವಿಚಾರ. ಆಯುರ್ವೇದದಲ್ಲಿ ಇದಕ್ಕೆ ಪೂರ್ವಜನೂ ಇದ್ದಾನೆ. ಚರಕಸಂಹಿತೆಯ ಸೂತ್ರಸ್ಥಾನ ಮೂಲಿಕೆಗಳ ಧೂಮವರ್ತಿಯನ್ನು ವಿವರಿಸುತ್ತದೆ, ಅತಿಯಾದರೆ ಆಗುವ ತೊಂದರೆಗಳನ್ನೂ ಹೇಳುತ್ತದೆ. ನಿಕೊಟಿನ್ ಇಲ್ಲದ್ದರಿಂದ ಇಂಥ ಬೀಡಿ ಚಟ ಹಿಡಿಸಲಿಕ್ಕಿಲ್ಲ. ಆದರೆ ತುಳಸಿ ಉರಿದರೂ ಮಾನಾಕ್ಸೈಡೇ, ಟಾರೇ. ಅಮೆರಿಕದ ವ್ಯಾಪಾರ ಆಯೋಗ 2000ದಲ್ಲಿ ಮೂಲಿಕೆ ಸಿಗರೇಟಿನ ಕಂಪನಿಯೊಂದಕ್ಕೆ, ತನ್ನ ಜಾಹೀರಾತಿನಲ್ಲೇ ಈ ಮಾತನ್ನು ಒಪ್ಪಿಕೊಂಡು ಎಚ್ಚರಿಕೆ ಬರೆಯುವಂತೆ ಮಾಡಿತು. ಶೀತಕ್ಕೆ ತುಳಸಿಯ ಕಷಾಯ ಕುಡಿದು ಬೆಳೆದವರಿಗೆ ಅದೇ ತುಳಸಿಯ ಹೊಗೆ ಎದೆಗೆ ಕೆಟ್ಟದ್ದೆಂದು ನಂಬುವುದು ಕಷ್ಟ. ಆದ್ದರಿಂದಲೇ ಅದನ್ನು ಒತ್ತಿ ಹೇಳಬೇಕು.

ಉರಿಯನ್ನೇ ಬಿಡುವ ದಾರಿ ಇದಕ್ಕಿಂತ ಬೇರೆ. ಅಮೆರಿಕದ ರೆನಾಲ್ಡ್ಸ್ ಕಂಪನಿ 1988ರಲ್ಲಿ 'ಪ್ರೀಮಿಯರ್' ಎಂಬುದನ್ನು ಮಾರುಕಟ್ಟೆಗೆ ಬಿಟ್ಟಿತು. ತುದಿಯ ಇದ್ದಿಲ ತುಣುಕು ಕಾದು, ಒಳಗಿನ ಹೊಗೆಸೊಪ್ಪನ್ನು ಸುಡದೆ ಬಿಸಿ ಮಾತ್ರ ಮಾಡುತ್ತಿತ್ತು. ರುಚಿ ಹಿಡಿಸದೆ ಜನ ಮುಟ್ಟಲಿಲ್ಲ. ಮರುವರ್ಷವೇ ಹಿಂದಕ್ಕೆ ಹೋಯಿತು. 2003ರಲ್ಲಿ ಚೀನಾದ ಔಷಧಜ್ಞ ಹೊನ್ ಲಿಕ್ ಇ-ಸಿಗರೇಟನ್ನು ರೂಪಿಸಿದ. ಅದರಲ್ಲಿ ಎಲೆಯೂ ಇಲ್ಲ, ನಿಕೊಟಿನ್ ಬೆರೆಸಿದ ದ್ರವ ಬ್ಯಾಟರಿಯ ಶಾಖಕ್ಕೆ ಆವಿಯಾಗುತ್ತದೆ. 2014ರಲ್ಲಿ ಫಿಲಿಪ್ ಮಾರಿಸ್ ಜಪಾನಿನ ನಗೋಯದಲ್ಲಿ 'ಐಕಾಸ್' ಮಾರತೊಡಗಿತು. ಉರಿಯುವ ಸಿಗರೇಟಿನ ಕೆಂಡ 900 ಡಿಗ್ರಿಯವರೆಗೆ ಕಾದರೆ, ಇದು ಹೊಗೆಸೊಪ್ಪನ್ನು 350 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದಿಡುತ್ತದೆ. ವಿಷಗಳು ಕಡಿಮೆಯಾಗುತ್ತವೆ, ಇದು ದಿಟ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2020ರಲ್ಲಿ ಆ ಕಂಪನಿಗೆ, ವಿಷಕ್ಕೆ ಒಡ್ಡಿಕೊಳ್ಳುವುದು ಕಡಿಮೆಯಾಗುತ್ತದೆ ಎಂದು ಹೇಳಿಕೊಳ್ಳಲು ಒಪ್ಪಿಗೆ ಕೊಟ್ಟಿತು. ರೋಗದ ಅಪಾಯ ಕಡಿಮೆಯಾಗುತ್ತದೆ ಎನ್ನಲು ಒಪ್ಪಲಿಲ್ಲ. ಎರಡರ ನಡುವಿನ ಅಂತರ ದೊಡ್ಡದು. ನೂರು ಸಿಗರೇಟಿನ ವಿಷ ಹತ್ತಕ್ಕೆ ಇಳಿದರೂ ರೋಗ ಅದೇ ಲೆಕ್ಕದಲ್ಲಿ ಇಳಿಯುತ್ತದೆಂದು ದೇಹ ಮಾತು ಕೊಟ್ಟಿಲ್ಲ.

ಕರ್ನಾಟಕ ಇ-ಸಿಗರೇಟನ್ನು 2016ರಲ್ಲೇ ನಿಷೇಧಿಸಿತು. ಕೇಂದ್ರ ಸರಕಾರ 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ ತಂದು, ವರ್ಷದ ಕೊನೆಗೆ ಕಾಯ್ದೆ ಮಾಡಿತು. ಬಿಸಿ ಮಾಡುವ ಸಾಧನಗಳೂ ಅದರೊಳಗೆ ಬಂದವು. ಆ ನಿಷೇಧದ ಪರ ವಾದಿಸಿದವರ ದೊಡ್ಡ ಆತಂಕ ಶಾಲಾ ಕಾಲೇಜಿನ ಮಕ್ಕಳದು. ಆ ಆತಂಕಕ್ಕೆ ಕಾರಣವಿತ್ತು. ಒಮ್ಮೆಯೂ ಸಿಗರೇಟು ಮುಟ್ಟದ ಅಮೆರಿಕದ ಹದಿಹರೆಯದವರು ಇ-ಸಿಗರೇಟಿನ ಹಣ್ಣಿನ ಪರಿಮಳಕ್ಕೆ ಬಲಿಬಿದ್ದಿದ್ದರು. ವಿರುದ್ಧ ವಾದಿಸಿದವರ ಪ್ರಶ್ನೆಯೂ ಸುಳ್ಳಲ್ಲ: ಕಡಿಮೆ ಕೇಡಿನದನ್ನು ಮುಚ್ಚಿ, ಹೆಚ್ಚು ಕೇಡಿನ ಬೀಡಿ ಸಿಗರೇಟನ್ನು ಗೂಡಂಗಡಿಯಲ್ಲಿ ಬಿಟ್ಟದ್ದು ಯಾವ ನ್ಯಾಯ? 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ 7.7 ಮಂದಿ ಬೀಡಿ ಸೇದುತ್ತಿದ್ದರು, 4 ಮಂದಿ ಸಿಗರೇಟು. ಬ್ಯಾಟರಿಯ ಸಾಧನ ಕೊಳ್ಳಲು ಅವರಲ್ಲಿ ಹೆಚ್ಚಿನವರ ಜೇಬಿಗೆ ಆಗುತ್ತಿರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಕಟ್ಟು ಬೀಡಿ ಕೊಳ್ಳುವವನಿಗಾಗಿ ಯಾವ ಕಂಪನಿಯೂ ಕಡಿಮೆ ಕೇಡಿನ ಹೊಗೆಯನ್ನು ವಿನ್ಯಾಸ ಮಾಡಲಿಲ್ಲ.

ಸೇದುವವನಿಗೆ ನಿಜವಾಗಿ ನೆರವಾಗುವುದು ಬಿಡಿಸುವ ವ್ಯವಸ್ಥೆ: ನಿಕೊಟಿನ್ ಗಮ್, ಪಟ್ಟಿ, ವೈದ್ಯರ ಸಲಹೆ, ಸರಕಾರದ ಉಚಿತ ಸಹಾಯವಾಣಿ. ಗಮ್ಮು, ಪಟ್ಟಿಗಳು ಉರಿಯಿಲ್ಲದ ನಿಕೊಟಿನ್ನನ್ನು ಅಳತೆಯಲ್ಲಿ ಕೊಟ್ಟು, ದಿನದಿನಕ್ಕೆ ಇಳಿಸಿ, ಕೊನೆಗೆ ನಿಲ್ಲಿಸುತ್ತವೆ. ನಾಲ್ಕು ಶತಮಾನ ಹುಡುಕಿದ ಬದಲಿ ಇದಕ್ಕಿಂತ ಹತ್ತಿರ ಬಂದಿಲ್ಲ.

ಕಟ್ಟುವವಳಿಗೆ? ದೇಶದಲ್ಲಿ ಬೀಡಿ ಕಾರ್ಮಿಕರ ಸಂಖ್ಯೆ 50 ಲಕ್ಷದ ಹತ್ತಿರವೆಂಬುದು ಸರಕಾರದ್ದೇ ಲೆಕ್ಕ. ಭಾರತ 2004ರಲ್ಲಿ ಅನುಮೋದಿಸಿದ ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದದ 17ನೆಯ ವಿಧಿ, ಕಾರ್ಮಿಕರಿಗೂ ಬೆಳೆಗಾರರಿಗೂ ಬದುಕು ನಡೆಯುವಂಥ ಬೇರೆ ಕಸುಬಿಗೆ ಬೆಂಬಲ ಕೊಡಬೇಕೆಂದು ಹೇಳುತ್ತದೆ. ಬೆಳೆಯ ಕಡೆಯಿಂದ ಒಂದಿಷ್ಟು ಕೆಲಸ ನಡೆದಿದೆ. ರಾಜಮಂಡ್ರಿಯ ಕೇಂದ್ರೀಯ ತಂಬಾಕು ಸಂಶೋಧನಾ ಸಂಸ್ಥೆ ಹೊಗೆಸೊಪ್ಪಿನಿಂದ ಔಷಧಕ್ಕೆ ಬೇಕಾಗುವ ಸೊಲನೆಸಾಲ್ ತೆಗೆಯುವ ದಾರಿಯನ್ನೂ, ಬೀಜದ ಎಣ್ಣೆಯ ಬಳಕೆಯನ್ನೂ ಹುಡುಕಿತು. ಮನೆಯೊಳಗಿನ ತಡ್ಪೆಯ ಕಡೆಗೆ ಅಷ್ಟು ಗಮನ ಹರಿಯಲಿಲ್ಲ. 2017ರಲ್ಲಿ ಬೀಡಿಗೆ ನೂರಕ್ಕೆ 28ರ ತೆರಿಗೆ ಬಂತು. ಎಚ್ಚರಿಕೆಯ ಚಿತ್ರ ದೊಡ್ಡದಾಯಿತು. ಆರೋಗ್ಯದ ದೃಷ್ಟಿಯಿಂದ ಇವೆರಡೂ ಸರಿ. ಆದರೆ ಬೀಡಿಯ ಬೇಡಿಕೆ ಇಳಿದಾಗ ಬ್ರಾಂಚು ಮೊದಲು ಕಡಿಮೆ ಮಾಡುವುದು ಅವಳಿಗೆ ಕೊಡುವ ಎಲೆಯನ್ನು. ವಾರಕ್ಕೆ ಆರು ದಿನದ ಕೆಲಸ ನಾಲ್ಕಾಗುತ್ತದೆ, ಮೂರಾಗುತ್ತದೆ. ಯಾರೂ ಅವಳನ್ನು ಕೆಲಸದಿಂದ ತೆಗೆದೆವೆಂದು ಹೇಳುವುದಿಲ್ಲ.

ಬಲ್ಮಠದ ಮಗ್ಗಗಳು ಈಗಿಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳನ್ನು ಬಂಧಿಸಿದ ಮೇಲೆ ಮಿಶನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಗುಡ್ಡದ ಮೇಲೆ ಇಂದು ಶಾಂತಿ ಕೆಥೆಡ್ರಲ್ ಇದೆ, ಕರ್ನಾಟಕ ಥಿಯೋಲಾಜಿಕಲ್ ಕಾಲೇಜು ಇದೆ, ಹೆಣ್ಣುಮಕ್ಕಳ ಸರಕಾರಿ ಪ್ರಥಮ ದರ್ಜೆ ಕಾಲೇಜೂ ಇದೆ. ಅಂಥ ಕಾಲೇಜುಗಳಿಗೆ ಹಳ್ಳಿಯಿಂದ ಬಸ್ಸು ಹಿಡಿದು ಬರುವ ಹುಡುಗಿಯರಲ್ಲಿ ಅನೇಕರ ತಾಯಂದಿರು, ಅಜ್ಜಿಯಂದಿರು ಬೀಡಿ ಕಟ್ಟಿದವರು. ಆ ಹುಡುಗಿಯರು ಇನ್ನು ತಡ್ಪೆ ಹಿಡಿಯುವುದಿಲ್ಲ. ಮನೆಯಲ್ಲಿ ಉಳಿದಿರುವ, ಬೇರೆ ಕೆಲಸ ಕಲಿಯುವ ವಯಸ್ಸು ದಾಟಿದ ತಾಯಿಯ ಭವಿಷ್ಯ ನಿಧಿ, ಪಿಂಚಣಿ, ಎದೆಯ ತಪಾಸಣೆ, ಇವುಗಳನ್ನು ಬ್ರಾಂಚು ಮುಚ್ಚುವ ಮೊದಲೇ ಲೆಕ್ಕ ಹಾಕಿ ಅವಳ ಕೈಗೆ ಕೊಡುವ ಹೊಣೆ ಕಂಪನಿಗಳದು, ಸರಕಾರದ್ದು. ಅದನ್ನು ಈಗಲೇ ಮಾಡಬೇಕು.